ಬೆಂಕಿ ಇಟ್ಟಿಗೆಯ ಲ್ಯಾಬ್ ಚೀಟಿ ಕೂಲಿಯವರಿಗೂ ಕಾಣಲಿ

ಕರಗಿದ ಉಕ್ಕನ್ನು ಹೊತ್ತೊಯ್ಯುವ ಲೇಡಲ್ ಎಂಬ ದೊಡ್ಡ ಪಾತ್ರೆಯ ಹೊರಮೈ ಯಾವುದರಿಂದ ಮಾಡಿದ್ದು? ಅದೂ ಉಕ್ಕೇ. ಒಳಗಿರುವ ಉಕ್ಕಿನ ಬಿಸಿ ಸುಮಾರು 1,600 ಡಿಗ್ರಿ ಸೆಲ್ಸಿಯಸ್. ಉಕ್ಕು ಕರಗುವುದು ಸುಮಾರು 1,500 ಡಿಗ್ರಿಯಲ್ಲಿ. ಅಂದರೆ ತನ್ನನ್ನೇ ಕರಗಿಸಬಲ್ಲ ವಸ್ತುವನ್ನು ಆ ಪಾತ್ರೆ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಆದರೂ ಅದು ಕರಗುವುದಿಲ್ಲ. ಕಾರಣ, ಒಳಗಡೆ ಕಟ್ಟಿರುವ ಇಟ್ಟಿಗೆಯ ಗೋಡೆ. ಕಾರ್ಖಾನೆಯವರ ಮಾತಿನಲ್ಲಿ ಅದು ಲೈನಿಂಗ್. ಆ ಇಟ್ಟಿಗೆಯೇ ರಿಫ್ರ್ಯಾಕ್ಟರಿ, ನಮ್ಮ ಬಾಯಲ್ಲಿ ಬೆಂಕಿ ಇಟ್ಟಿಗೆ.

ಈ ಇಟ್ಟಿಗೆಯ ಬಗ್ಗೆ ಹೊಸಹಳ್ಳಿಯಲ್ಲಿ ಕುಳಿತು ನಾವು ಯಾಕೆ ಬರೆಯಬೇಕು ಎಂದು ನೀವು ಕೇಳಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಊರುಗಳಿಂದ ಶೇಂಗಾ, ಮೆಕ್ಕೆಜೋಳದ ಕೆಲಸ ಮುಗಿದ ಮೇಲೆ ಹುಡುಗರು ಎಲ್ಲಿಗೆ ಹೋಗುತ್ತಾರೆ ನೋಡಿ. ಬೆಂಗಳೂರಿಗೆ ಹೋಗುವವರು ಒಂದಷ್ಟು ಜನ. ತೋರಣಗಲ್ಲಿಗೆ, ಕೊಪ್ಪಳದ ಗಿಣಿಗೇರಾ ಕಡೆಗೆ, ಅಲ್ಲಲ್ಲಿ ಇರುವ ಸ್ಪಾಂಜ್ ಐರನ್ ಕಾರ್ಖಾನೆಗಳಿಗೆ ಗುತ್ತಿಗೆ ಕೆಲಸಕ್ಕೆ ಹೋಗುವವರು ಇನ್ನೊಂದಷ್ಟು ಜನ. ಕುಲುಮೆ ನಿಲ್ಲಿಸಿದಾಗ ಹಳೇ ಲೈನಿಂಗ್ ಒಡೆಯುವುದು, ಪುಡಿ ಹೊರಗೆ ಹಾಕುವುದು, ಹೊಸ ಇಟ್ಟಿಗೆ ಹೊತ್ತು ಕೊಡುವುದು ಇಂಥವರ ಪಾಲಿನ ಕೆಲಸ. ಆ ಇಟ್ಟಿಗೆಗೂ ನಮ್ಮ ಮನೆಗೂ ಸಂಬಂಧ ಇದೆ.

ನಮ್ಮ ಮಾತು ಇಷ್ಟೇ: ಆ ಇಟ್ಟಿಗೆಯಲ್ಲಿ ಏನೇನು ಎಷ್ಟೆಷ್ಟು ಇದೆ ಎಂಬ ಲ್ಯಾಬ್ ಚೀಟಿ ಈಗ ಕೊಳ್ಳುವವರು ಮತ್ತು ಮಾರುವವರ ಕಡತದಲ್ಲಿ ಇರುತ್ತದೆ. ಅದು ಆ ಇಟ್ಟಿಗೆಯ ಪಕ್ಕ ನಿಂತು ದುಡಿಯುವವರಿಗೂ ಕನ್ನಡದಲ್ಲಿ ಕಾಣಬೇಕು. ಯಾಕೆ ಎಂದು ತಿಳಿಯಲು ಮೊದಲು ಬಾಕ್ಸೈಟ್ ಎಂಬ ಕಲ್ಲನ್ನು ತಿಳಿಯಬೇಕು.

ಜಂಬಿಟ್ಟಿಗೆಯ ದಾಯಾದಿ

ಬಾಕ್ಸೈಟ್ ನಮ್ಮ ತಾಲ್ಲೂಕಿನ ಕಲ್ಲಲ್ಲ. ನಮ್ಮ ಮಗ್ಗುಲಿನ ಸಂಡೂರು ಕಬ್ಬಿಣ, ಮ್ಯಾಂಗನೀಸ್ ಅದಿರಿನ ಸೀಮೆ. ಬಾಕ್ಸೈಟ್ ಕರ್ನಾಟಕದಲ್ಲಿ ಸಿಗುವುದು ಮಳೆ ಹೆಚ್ಚಿರುವ ಕಡೆ: ಬೆಳಗಾವಿ, ಉತ್ತರ ಕನ್ನಡ, ಕರಾವಳಿ, ಚಿಕ್ಕಮಗಳೂರು. ಮಲೆನಾಡಿನವರು ಜಂಬಿಟ್ಟಿಗೆ ಎನ್ನುವ, ಕರಾವಳಿಯವರು ಮುರಕಲ್ಲು ಎನ್ನುವ ಕೆಂಪು ಕಲ್ಲಿನ ದಾಯಾದಿ ಅದು. ಲಕ್ಷಾಂತರ ವರ್ಷ ಮಳೆ ಬಿದ್ದು ಬಂಡೆಯೊಳಗಿನ ಸಿಲಿಕಾ ತೊಳೆದು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಾ ಉಳಿದವು. ಅಲ್ಯೂಮಿನಾ ಹೆಚ್ಚು ಉಳಿದ ಕಡೆ ಅದು ಬಾಕ್ಸೈಟ್ ಆಯಿತು.

ಅಲ್ಯೂಮಿನಾ ಎಂದರೆ ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿದ್ದು. ಶುದ್ಧ ಅಲ್ಯೂಮಿನಾ ಕರಗಬೇಕಾದರೆ 2,000 ಡಿಗ್ರಿ ದಾಟಬೇಕು. ಅದಕ್ಕೇ ಅದು ಬೆಂಕಿ ಇಟ್ಟಿಗೆಗೆ ಬೇಕು. ಬಾಕ್ಸೈಟನ್ನು 1,500 ಡಿಗ್ರಿಗೂ ಮೇಲೆ ಸುಟ್ಟು, ಗಟ್ಟಿ ಹರಳು ಮಾಡಿ, ಪುಡಿ ಮಾಡಿ, ಜರಡಿ ಹಿಡಿದು ಇಟ್ಟಿಗೆ ಒತ್ತುತ್ತಾರೆ.

ಆದರೆ ಶುದ್ಧ ಬಾಕ್ಸೈಟ್ ಎಂಬುದು ಭೂಮಿಯಲ್ಲಿ ಇಲ್ಲ. ಜೊತೆಗೆ ಕಬ್ಬಿಣ ಬರುತ್ತದೆ, ಸಿಲಿಕಾ ಬರುತ್ತದೆ, ಟೈಟೇನಿಯಂ, ಸುಣ್ಣ, ಸವಳಿನ ಅಂಶಗಳಾದ ಸೋಡಿಯಂ, ಪೊಟ್ಯಾಸಿಯಂ ಬರುತ್ತವೆ. ಇಟ್ಟಿಗೆಯ ಆಯುಷ್ಯ ಎಷ್ಟು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಕರೆಯದೇ ಬಂದ ನೆಂಟರು.

ಒಬ್ಬರ ಹೊನ್ನು, ಇನ್ನೊಬ್ಬರ ಕಸ

ನಮ್ಮ ಕಡೆ ಲಾರಿ ಓಡಿಸಿದವರಿಗೆಲ್ಲ ‘ಎಫ್‌ಇ’ ಎಂದರೆ ಗೊತ್ತು. ಅದಿರಿನಲ್ಲಿ ಕಬ್ಬಿಣ ಎಷ್ಟು ಪರ್ಸೆಂಟ್ ಎಂಬ ಲೆಕ್ಕ. 62 ಇದ್ದರೆ ಒಂದು ರೇಟು, 58 ಇದ್ದರೆ ಇನ್ನೊಂದು. ಸಂಡೂರಿನ ಅದಿರಿನಲ್ಲಿ ಅಲ್ಯೂಮಿನಾ ಹೆಚ್ಚಿದ್ದರೆ ಉಕ್ಕಿನವರು ಮುಖ ಸಿಂಡರಿಸುತ್ತಾರೆ. ಕುಲುಮೆಯ ಗಸಿ ಮಂದವಾಗಿ ಹರಿಯುವುದಿಲ್ಲ ಎಂಬುದು ಅವರ ತಕರಾರು.

ಬಾಕ್ಸೈಟಿನಲ್ಲಿ ಇದು ತಿರುಗುಮುರುಗು. ಅಲ್ಲಿ ಅಲ್ಯೂಮಿನಾ ಹೊನ್ನು, ಕಬ್ಬಿಣ ಕಸ. ಕಲ್ಲಿನಲ್ಲಿ ಇರುವುದೆಲ್ಲ ಒಂದೇ. ಕಲ್ಮಶ ಯಾವುದು ಎಂದು ಹೇಳುವವನು ಕೊಳ್ಳುವವನು.

ಬಾಕ್ಸೈಟ್ ಕೊಳ್ಳುವವರಲ್ಲೂ ಎರಡು ಪಂಗಡ ಇದೆ. ಅಲ್ಯೂಮಿನಿಯಂ ಮಾಡುವವರು ಕಲ್ಲನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸುತ್ತಾರೆ. 1880ರ ದಶಕದಲ್ಲಿ ಬೇಯರ್ ಎಂಬ ವಿಜ್ಞಾನಿ ಕಂಡುಹಿಡಿದ ದಾರಿ ಇದು. ಅಲ್ಯೂಮಿನಾ ಕರಗುತ್ತದೆ, ಕಬ್ಬಿಣ ಕರಗದೆ ಕೆಂಪು ಕೆಸರಾಗಿ ತಳದಲ್ಲಿ ಕೂರುತ್ತದೆ. ಹಾಗಾಗಿ ಕಬ್ಬಿಣ ನೂರಕ್ಕೆ 20 ಇದ್ದರೂ ಅವರು ಕೊಳ್ಳುತ್ತಾರೆ. ಅವರಿಗೆ ಭಯ ಸಿಲಿಕಾದ್ದು. ಅದು ಸೋಡಾ ತಿಂದು ಖರ್ಚು ಏರಿಸುತ್ತದೆ.

ಬೆಂಕಿ ಇಟ್ಟಿಗೆಯವರು ಕಲ್ಲನ್ನು ಕರಗಿಸುವುದಿಲ್ಲ, ಸುಡುತ್ತಾರೆ. ಕಲ್ಲಿನೊಳಗಿನ ಕಬ್ಬಿಣ ಇಟ್ಟಿಗೆಯೊಳಗೇ ಉಳಿಯುತ್ತದೆ. ಹಾಗಾಗಿ ಒಳ್ಳೆಯ ಇಟ್ಟಿಗೆಗೆ ಬೇಕಾದ ಸುಟ್ಟ ಬಾಕ್ಸೈಟಿನಲ್ಲಿ ಅಲ್ಯೂಮಿನಾ ನೂರಕ್ಕೆ ಸುಮಾರು 85ಕ್ಕೂ ಹೆಚ್ಚು, ಕಬ್ಬಿಣದ ಆಕ್ಸೈಡ್ ಸುಮಾರು 2ರ ಆಸುಪಾಸು ಇರಬೇಕು ಎಂದು ಕೇಳುತ್ತಾರೆ. ಅಲ್ಲಿ 20 ನಡೆಯುತ್ತದೆ, ಇಲ್ಲಿ 3 ಆದರೂ ಜಗಳ.

ಬೆಳಗಾವಿಯಲ್ಲಿ 1969ರಿಂದ ಅಲ್ಯೂಮಿನಾ ಕಾರ್ಖಾನೆ ಇದೆ. ಆಗ ಇಂಡಾಲ್, ಈಗ ಹಿಂಡಾಲ್ಕೊ. ಅದಕ್ಕೆ ಕಲ್ಲು ಹೆಚ್ಚಾಗಿ ಬಂದದ್ದು ಗಡಿಯಾಚೆಯ ಕೊಲ್ಹಾಪುರದ ಗುಡ್ಡಗಳಿಂದ. ಈ ಸೀಮೆಯ ಬಾಕ್ಸೈಟ್ ಹುಟ್ಟಿದ್ದು ಕಪ್ಪು ಬಸಾಲ್ಟ್ ಬಂಡೆಯಿಂದ. ಬಸಾಲ್ಟಿನಲ್ಲಿ ಕಬ್ಬಿಣವೂ ಟೈಟೇನಿಯಂ ಕೂಡ ಹೆಚ್ಚು, ಹಾಗಾಗಿ ಕಲ್ಲಿನಲ್ಲೂ ಹೆಚ್ಚು. ಸೋಡಾದಲ್ಲಿ ಕರಗಿಸುವವರಿಗೆ ಅದು ಒಗ್ಗುತ್ತದೆ, ಹಾಗೇ ಸುಟ್ಟು ಇಟ್ಟಿಗೆ ಮಾಡುವವರಿಗೆ ಒಗ್ಗುವುದು ಕಷ್ಟ.

ಕಲ್ಮಶ ಇಟ್ಟಿಗೆಗೆ ಏನು ಮಾಡುತ್ತದೆ?

ಇದಕ್ಕೆ ವಿಜ್ಞಾನ ಓದಬೇಕಿಲ್ಲ, ನಮ್ಮ ಊರ ಇಟ್ಟಿಗೆ ಭಟ್ಟಿ ನೋಡಿದರೆ ಅರ್ಧ ತಿಳಿಯುತ್ತದೆ. ಬೆಂಕಿ ಜೋರಾದ ಕಡೆ ಕೆಲವು ಇಟ್ಟಿಗೆ ಗಾಜಿನಂತೆ ಹೊಳೆದು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮಣ್ಣೆಲ್ಲ ಕರಗಿಲ್ಲ. ಮಣ್ಣಿನೊಳಗಿನ ಕಬ್ಬಿಣ ಮತ್ತು ಸವಳಿನ ಅಂಶ ಸಿಲಿಕಾದ ಜೊತೆ ಸೇರಿ ಬೇಗ ಕರಗಿ ಪಾಕವಾಗಿದೆ. ಒಂಟಿಯಾಗಿದ್ದಾಗ ಗಟ್ಟಿ ಇರುವ ಎರಡು ವಸ್ತು ಜೊತೆ ಸೇರಿದಾಗ ಕಡಿಮೆ ಬಿಸಿಗೇ ಕರಗುತ್ತವೆ. ಇದೇ ಎಲ್ಲದರ ಮೂಲ.

ಅಲ್ಯೂಮಿನಾ ಒಂಟಿಯಾಗಿ 2,000 ಡಿಗ್ರಿ ದಾಟಿ ನಿಲ್ಲುತ್ತದೆ. ಸಿಲಿಕಾ ಒಂಟಿಯಾಗಿ ಸುಮಾರು 1,700. ಎರಡೂ ಸೇರಿದರೆ, ಸಿಲಿಕಾ ಹೆಚ್ಚಿರುವ ಕಡೆ 1,600ರ ಹತ್ತಿರವೇ ಪಾಕ ಶುರುವಾಗುತ್ತದೆ. ಆದರೆ ಸಿಲಿಕಾ ಪೂರ್ತಿ ವೈರಿಯಲ್ಲ. ಸರಿ ಪ್ರಮಾಣದಲ್ಲಿ ಇದ್ದರೆ ಅಲ್ಯೂಮಿನಾ ಜೊತೆ ಸೇರಿ ಮುಲೈಟ್ ಎಂಬ ಸೂಜಿಯಂಥ ಹರಳಾಗುತ್ತದೆ; ಅದು 1,800 ಡಿಗ್ರಿವರೆಗೂ ಜಗ್ಗುವುದಿಲ್ಲ, ಇಟ್ಟಿಗೆಗೆ ಕಸುವು ಕೊಡುತ್ತದೆ.

ಕಬ್ಬಿಣ ಸೇರಿದರೆ ಲೆಕ್ಕ ಕೆಡುತ್ತದೆ. ಗಾಳಿ ಕಡಿಮೆ ಇರುವ ಕುಲುಮೆಯಲ್ಲಿ ಕಬ್ಬಿಣದ ಆಕ್ಸೈಡ್ ರೂಪ ಬದಲಿಸಿ, ಸಿಲಿಕಾ, ಅಲ್ಯೂಮಿನಾ ಜೊತೆ ಸೇರಿ 1,100 ಡಿಗ್ರಿಯ ಆಸುಪಾಸಿನಲ್ಲೇ ಪಾಕ ಕಟ್ಟಬಲ್ಲದು. ಸೋಡಿಯಂ, ಪೊಟ್ಯಾಸಿಯಂ ಇನ್ನೂ ಕೆಟ್ಟವು. ಅವು 1,000 ಡಿಗ್ರಿಗಿಂತ ಕೆಳಗೇ ಕೆಲಸ ಶುರು ಮಾಡುತ್ತವೆ. ಅದಕ್ಕೇ ಕಬ್ಬಿಣವನ್ನು ನೂರಕ್ಕೆ ಎರಡು ಒಪ್ಪುವವರು ಇವನ್ನು ಅರ್ಧ ಬರುವುದಕ್ಕೂ ಹಿಂದೆಮುಂದೆ ನೋಡುತ್ತಾರೆ. ಟೈಟೇನಿಯಂ ಆ ಪಾಕವನ್ನು ತೆಳ್ಳಗೆ ಮಾಡುತ್ತದೆ. ಸುಣ್ಣದ ಅಂಶವೂ ಪಾಕ ಹೆಚ್ಚಿಸುತ್ತದೆ. ಗುಜರಾತಿನ ಕಚ್ಛ್, ಸೌರಾಷ್ಟ್ರದ ಬಾಕ್ಸೈಟಿಗೆ ಕಬ್ಬಿಣ ಕಡಿಮೆ ಎಂಬ ಹೆಸರಿದೆ, ಆದರೆ ಅಲ್ಲಿ ಈ ಸುಣ್ಣದ್ದೇ ಕಾಟ.

ಇಟ್ಟಿಗೆ ಒಮ್ಮೆಗೇ ನೀರಾಗಿ ಹರಿಯುವುದಿಲ್ಲ. ಹರಳುಗಳ ನಡುವೆ ಈ ಪಾಕ ಜೇನಿನಂತೆ ಒಸರುತ್ತದೆ. ಮೇಲಿನ ಭಾರಕ್ಕೆ ಇಟ್ಟಿಗೆ ನಿಧಾನಕ್ಕೆ ಕುಸಿಯುತ್ತದೆ, ಸಂದಿ ಬಿಡುತ್ತದೆ, ಕರಗಿದ ಲೋಹ ಸಂದಿಗೆ ಇಳಿಯುತ್ತದೆ. ಹೊರಗಿನಿಂದ ನೋಡುವವನಿಗೆ ಏನೂ ಕಾಣುವುದಿಲ್ಲ.

ಕಬ್ಬಿಣದ ಇನ್ನೊಂದು ಕಿತಾಪತಿ ಇದೆ. ಕುಲುಮೆಯ ಮೇಲುಭಾಗದಲ್ಲಿ, 400ರಿಂದ 700 ಡಿಗ್ರಿ ಇರುವ ಕಡೆ, ಕಾರ್ಬನ್ ಮೊನಾಕ್ಸೈಡ್ ಅನಿಲ ಇಟ್ಟಿಗೆಯ ಸಣ್ಣ ರಂಧ್ರಗಳಿಗೆ ನುಗ್ಗುತ್ತದೆ. ಅಲ್ಲಿ ಸಾಸಿವೆ ಕಾಳಿನಷ್ಟು ಕಬ್ಬಿಣದ ಚುಕ್ಕೆ ಸಿಕ್ಕರೆ ಸಾಕು, ಅನಿಲ ಒಡೆದು ಮಸಿ ಕೂರುತ್ತದೆ. ಮಸಿ ಬೆಳೆದು ಬೆಳೆದು ಇಟ್ಟಿಗೆಯನ್ನು ಒಳಗಿನಿಂದ ಸೀಳುತ್ತದೆ. ನಮ್ಮ ಭಟ್ಟಿ ಇಟ್ಟಿಗೆಯಲ್ಲಿ ಸುಣ್ಣದ ಹರಳು ಉಳಿದರೆ ಮಳೆ ಬಿದ್ದಾಗ ಅರಳಿ ಇಟ್ಟಿಗೆ ಬಾಯಿ ಬಿಡುತ್ತದಲ್ಲ, ಹಾಗೆ. ಇಲ್ಲಿ ಸರಾಸರಿ ಪರ್ಸೆಂಟ್ ನೋಡಿದರೆ ಸಾಲದು. ಅನ್ನದಲ್ಲಿ ಕಲ್ಲು ಸರಾಸರಿ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಹಲ್ಲಿಗೆ ಸಿಕ್ಕಿತೋ ಇಲ್ಲವೋ ಅಷ್ಟೇ. ಅದಕ್ಕೆಂದೇ ಇಟ್ಟಿಗೆಯನ್ನು ಆ ಅನಿಲದಲ್ಲಿ ಇಟ್ಟು ನೋಡುವ ಬೇರೆ ಪರೀಕ್ಷೆ ಇದೆ.

ಮತ್ತೊಂದು ಲೆಕ್ಕ. ಹಸಿ ಶೇಂಗಾ ಒಣಗಿಸಿದರೆ ನೀರಿನ ತೂಕ ಹೋಗುತ್ತದೆ, ಮಣ್ಣುಕಲ್ಲಿನ ತೂಕ ಹೋಗುವುದಿಲ್ಲ. ಬಾಕ್ಸೈಟ್ ಕಲ್ಲಿನೊಳಗೂ ನೀರು ಬೆರೆತಿರುತ್ತದೆ. 100 ಕಿಲೋ ಕಲ್ಲು ಸುಟ್ಟಾಗ 72 ಕಿಲೋ ಉಳಿಯಿತು ಎನ್ನಿ. ಹಸಿ ಕಲ್ಲಿನಲ್ಲಿ 2 ಇದ್ದ ಕಬ್ಬಿಣ ಈಗ ನೂರಕ್ಕೆ ಸುಮಾರು 2.8 ಆಗುತ್ತದೆ. ಹಸಿ ಕಲ್ಲಿನ ಚೀಟಿ ತೋರಿಸಿ ಸುಟ್ಟ ಕಲ್ಲು ಮಾರಿದರೆ ಲೆಕ್ಕ ತಪ್ಪುವುದು ಹೀಗೆ.

ಕಲ್ಮಶ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ

‘ಹಾಗಾದರೆ ಕಬ್ಬಿಣ ತೆಗೆದು ಬಳಸಲಿ’ ಎನ್ನಬಹುದು. ದಾರಿ ಇದೆ. ಕಲ್ಲನ್ನು ಸೋಡಾದಲ್ಲಿ ಕರಗಿಸಿ, ಶುದ್ಧ ಅಲ್ಯೂಮಿನಾ ತೆಗೆದು, ಅದನ್ನು ಮತ್ತೆ ಬಹಳ ಬಿಸಿಯಲ್ಲಿ ಸುಟ್ಟು ಹರಳು ಮಾಡಿದರೆ ಉತ್ತಮ ಇಟ್ಟಿಗೆ ಆಗುತ್ತದೆ. ಬೆಳಗಾವಿ ಕಾರ್ಖಾನೆ ಇಂಥ ವಿಶೇಷ ಅಲ್ಯೂಮಿನಾ ಮಾಡುತ್ತದೆ. ಆದರೆ ಅದು ದುಬಾರಿ. ಮೇಲಾಗಿ ತೆಗೆದ ಕಬ್ಬಿಣ, ಸೋಡಾ ಬೆರೆತ ಕೆಂಪು ಕೆಸರಾಗಿ ಯಾವುದೋ ಊರ ಪಕ್ಕ ಗುಡ್ಡೆಯಾಗುತ್ತದೆ. ಹಂಗೇರಿಯ ಐಕಾ ಎಂಬಲ್ಲಿ 2010ರ ಅಕ್ಟೋಬರಿನಲ್ಲಿ ಅಂಥ ಕೆಸರಿನ ಕಟ್ಟೆ ಒಡೆದು ಹಳ್ಳಿಗಳಿಗೆ ನುಗ್ಗಿ 10 ಜನ ಸತ್ತರು. ಜಾರ್ಖಂಡಿನ ಮುರಿಯಲ್ಲಿ 2019ರ ಏಪ್ರಿಲ್‌ನಲ್ಲಿ ಕೆಂಪು ಕೆಸರಿನ ರಾಶಿ ಕುಸಿಯಿತು.

ಕಬ್ಬಿಣ ಕಡಿಮೆ ಇರುವ ಕಲ್ಲನ್ನೇ ತರುವುದು ಇನ್ನೊಂದು ದಾರಿ. ಭಾರತದಲ್ಲಿ ಗುಜರಾತ್, ಮಧ್ಯಪ್ರದೇಶದ ಕಟ್ನಿ ಕಡೆಯಿಂದ ಬರುತ್ತದೆ. ಹೊರಗಡೆ ಚೀನಾ, ದಕ್ಷಿಣ ಅಮೆರಿಕದ ಗಯಾನಾ ಹೆಸರುವಾಸಿ. 2017ರಲ್ಲಿ ಚೀನಾ ಪರಿಸರ ತಪಾಸಣೆ ಬಿಗಿ ಮಾಡಿ ಭಟ್ಟಿಗಳನ್ನು ಮುಚ್ಚಿಸಿದಾಗ ಬೆಂಕಿ ಇಟ್ಟಿಗೆಯ ಕಚ್ಚಾಮಾಲಿನ ಬೆಲೆ ಜಗತ್ತಿನಾದ್ಯಂತ ಏರಿತು. ಒಳ್ಳೆಯ ಕಲ್ಲು ತುಟ್ಟಿಯಾದಾಗ ಸ್ವಲ್ಪ ಕಡಿಮೆ ದರ್ಜೆಯದನ್ನು ಬೆರೆಸುವ ಆಸೆ ಹುಟ್ಟುವುದು ಸಹಜ. ಒಡೆದ ಹಳೇ ಇಟ್ಟಿಗೆಯನ್ನು ಪುಡಿ ಮಾಡಿ ಬೆರೆಸುವುದೂ ಉಂಟು. ಅದನ್ನು ಆರಿಸಿ, ಪರೀಕ್ಷಿಸಿ ಬೆರೆಸಿದರೆ ತಪ್ಪಿಲ್ಲ, ಒಳ್ಳೆಯದೇ. ಆರಿಸದೆ ಬೆರೆಸಿದರೆ ಹಳೇ ಇಟ್ಟಿಗೆ ಕುಡಿದ ಗಸಿ, ಕಬ್ಬಿಣ, ಸವಳು ಎಲ್ಲ ಹೊಸದಕ್ಕೆ ಬರುತ್ತದೆ.

ಕೆಲಸ ಸಿಗುವವನಿಗೆ ಇದೆಲ್ಲ ಯಾಕೆ?

ಇದು ನಮಗೆ ಎದುರಾಗುವ ಮೊದಲ ಪ್ರಶ್ನೆ. ‘ಅದು ಎಂಜಿನಿಯರ್‌ಗಳ ವಿಷಯ, ಹುಡುಗರಿಗೆ ಹೇಳಿ ಏನುಪಯೋಗ?’

ನಾವು ಕೇಳುತ್ತೇವೆ: ಡೇರಿಯಲ್ಲಿ ಹಾಲು ಹಾಕುವ ನಮ್ಮ ತಾಯಂದಿರು ಯಾವ ಎಂಜಿನಿಯರಿಂಗ್ ಓದಿದ್ದಾರೆ? ಆದರೂ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ದಿನಾ ಚೀಟಿ ನೋಡುತ್ತಾರೆ, ಕಡಿಮೆ ಬಂದರೆ ಕಾರ್ಯದರ್ಶಿಯನ್ನು ಕೇಳುತ್ತಾರೆ. ಗೊಬ್ಬರದ ಚೀಲದ ಮೇಲೆ 10:26:26 ಎಂದಿದ್ದರೆ ನಮ್ಮ ರೈತನಿಗೆ ಅರ್ಥವಾಗುತ್ತದೆ. ಬೀಜದ ಪಾಕೀಟಿನ ಮೇಲೆ ಮೊಳಕೆ ಪ್ರಮಾಣ ಬರೆಯಲೇಬೇಕು, ಬರೆದದ್ದಕ್ಕೆ ಕಂಪನಿ ಜವಾಬ್ದಾರ. ಈ ಚೀಟಿಗಳೆಲ್ಲ ಇರುವುದು ದುಡ್ಡಿನ ನಷ್ಟ ತಪ್ಪಿಸಲು. ಜೀವ ಕಾಯುವ ಇಟ್ಟಿಗೆಯ ಚೀಟಿ ಮಾತ್ರ ಯಾಕೆ ಬೀರುವಿನಲ್ಲಿ?

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಲೇಡಲ್ ತೂತಾಗುವುದಕ್ಕೆ, ಕುಲುಮೆ ಸೋರುವುದಕ್ಕೆ ಇಟ್ಟಿಗೆಯ ಕಲ್ಮಶ ಒಂದೇ ಕಾರಣವಲ್ಲ. ಗಸಿ ತಿಂದು ಸವೆಯುತ್ತದೆ, ಬಿಸಿ-ತಂಪಿನ ಏಟಿಗೆ ಬಿರುಕು ಬಿಡುತ್ತದೆ, ಕಟ್ಟುವವರು ಸಂದಿ ಬಿಟ್ಟರೂ, ಲೈನಿಂಗ್ ಸರಿಯಾಗಿ ಒಣಗಿಸದಿದ್ದರೂ ಅಪಾಯ. ದೊಡ್ಡ ಕಾರ್ಖಾನೆಗಳಲ್ಲಿ ಸ್ವಂತ ಲ್ಯಾಬ್ ಇರುತ್ತವೆ, ಪ್ರತಿ ಲಾಟ್ ಪರೀಕ್ಷಿಸುವ ಪದ್ಧತಿ ಇರುತ್ತದೆ. ಇಟ್ಟಿಗೆ ಪರೀಕ್ಷೆಗೆ ಐಎಸ್ 1528 ಎಂಬ ಭಾರತೀಯ ಮಾನಕವೂ ಇದೆ. ನಮ್ಮ ಚಿಂತೆ ಸಣ್ಣ ಘಟಕಗಳದ್ದು, ಗುತ್ತಿಗೆಯ ಒಳಗುತ್ತಿಗೆಯದ್ದು. ಅಲ್ಲಿ ಇಟ್ಟಿಗೆ ತರುವವರು ಒಬ್ಬರು, ಕಟ್ಟಿಸುವವರು ಇನ್ನೊಬ್ಬರು, ಪಕ್ಕದಲ್ಲಿ ನಿಲ್ಲುವವರು ಮೂರನೆಯವರು. ಮೂರನೆಯವರಿಗೆ ಮಾತ್ರ ಏನೂ ಗೊತ್ತಿರುವುದಿಲ್ಲ.

ಚೀಟಿಯಿಂದ ಇನ್ನೊಂದು ಉಪಯೋಗ ಇದೆ, ಅದು ದೂಳಿನದ್ದು. ಹಳೇ ಲೈನಿಂಗ್ ಒಡೆಯುವಾಗ ಏಳುವ ದೂಳಿನಲ್ಲಿ ಹರಳಿನ ರೂಪದ ಸಿಲಿಕಾ ಇದ್ದರೆ ಅದು ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಆ ರೋಗಕ್ಕೆ ಮದ್ದಿಲ್ಲ. ಬಾಕ್ಸೈಟ್ ಇಟ್ಟಿಗೆಯಲ್ಲಿ ಅದು ಕಡಿಮೆ ಇರಬಹುದು, ಸಣ್ಣ ಇಂಡಕ್ಷನ್ ಕುಲುಮೆಗಳಿಗೆ ಬಡಿಯುವ ಬಿಳಿ ಪುಡಿ ಮಾತ್ರ ಬಹುತೇಕ ಸಿಲಿಕಾವೇ. ಎರಡೂ ದೂಳು ಕಣ್ಣಿಗೆ ದೂಳೇ. ಯಾವುದಕ್ಕೆ ಹೆಗಲ ಮೇಲಿನ ಟವೆಲ್ ಮುಖಕ್ಕೆ ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಬೇಕೇ ಬೇಕು ಎಂದು ಹೇಳಬಲ್ಲದ್ದು ಆ ಚೀಟಿ ಒಂದೇ.

ನಾವು ಕೇಳುವುದು

ಭೋಪಾಲ್ ಅನಿಲ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಒಂದು ಹೊಸ ಅಧ್ಯಾಯ ಸೇರಿಸಿದರು. ಅಪಾಯದ ಕೆಲಸ ನಡೆಯುವ ಕಾರ್ಖಾನೆ ತನ್ನ ಅಪಾಯಗಳನ್ನು ಕಾರ್ಮಿಕರಿಗೂ ಸುತ್ತಲಿನ ಜನಕ್ಕೂ ತಿಳಿಸಬೇಕು, ಅಪಾಯ ಕಂಡರೆ ಎಚ್ಚರಿಸುವ ಹಕ್ಕು ಕಾರ್ಮಿಕನಿಗೆ ಇದೆ ಎಂದು ಅದು ಹೇಳಿತು. 2020ರ ವೃತ್ತಿ ಸುರಕ್ಷತಾ ಸಂಹಿತೆಯೂ ಸುರಕ್ಷತೆಯ ಮಾಹಿತಿ ಕೇಳುವ ಹಕ್ಕನ್ನು ಕೆಲಸಗಾರನಿಗೆ ಕೊಡುತ್ತದೆ. ಅಂದರೆ ನಾವು ಕೇಳುತ್ತಿರುವುದು ಹೊಸ ವರವಲ್ಲ, ಕಾನೂನಿನ ಮಾತು ಕೆಲಸದ ಜಾಗಕ್ಕೆ ಇಳಿಯಲಿ ಎಂದಷ್ಟೇ.

ಮೊದಲನೆಯದು, ಲೈನಿಂಗ್ ಕೆಲಸ ಶುರುವಾಗುವ ಮುಂಚೆ ಇಟ್ಟಿಗೆಯ ಲಾಟ್ ನಂಬರ್, ಅಲ್ಯೂಮಿನಾ, ಕಬ್ಬಿಣ, ಸವಳು, ಸಿಲಿಕಾ ಎಷ್ಟು ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಅಲ್ಲೇ ಅಂಟಿಸಲಿ. ಇಷ್ಟು ಇರಬೇಕಿತ್ತು, ಇಷ್ಟು ಇದೆ ಎಂದು ಎರಡು ಸಾಲು ಸಾಕು.

ಎರಡನೆಯದು, ಹೋದ ಸಲದ ಲೈನಿಂಗ್ ಎಷ್ಟು ದಿನ ಬಾಳಿತು ಎಂಬುದೂ ಅದೇ ಹಾಳೆಯಲ್ಲಿರಲಿ. ಬಾಳಿಕೆ ಇದ್ದಕ್ಕಿದ್ದಂತೆ ಇಳಿದಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ, ಬರಲೇಬೇಕು.

ಮೂರನೆಯದು, ಸಣ್ಣ ಘಟಕಗಳು ಕಡಿಮೆ ಖರ್ಚಿನಲ್ಲಿ ಇಟ್ಟಿಗೆ ಪರೀಕ್ಷೆ ಮಾಡಿಸುವ ಒಂದು ಲ್ಯಾಬ್ ನಮ್ಮ ಸೀಮೆಯಲ್ಲೇ ಬೇಕು. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ಇರುವುದೇ ಗಣಿಯಿಂದ ಬಾಧೆಗೊಳಗಾದ ಜನರಿಗಾಗಿ; ಕೌಶಲ ತರಬೇತಿಯೂ ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಸಂಡೂರಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆ ಕಲಿಸುತ್ತಾರೆ. ಓದಿದವರು ಇದ್ದಾರೆ, ದುಡ್ಡಿದೆ, ಕುಲುಮೆಗಳಿವೆ. ಮೂರನ್ನೂ ಕೂಡಿಸುವವರು ಬೇಕು.

ನಾಲ್ಕನೆಯದು, ಐಟಿಐಗಳಲ್ಲಿ ಲೈನಿಂಗ್ ಕಟ್ಟುವ ಕೆಲಸದ ಕಿರು ತರಬೇತಿ ಕೊಡಲಿ. ಇಟ್ಟಿಗೆ ಹೊರುವ ಹುಡುಗ ಇಟ್ಟಿಗೆ ಕಟ್ಟುವ ಮೇಸ್ತ್ರಿ ಆದರೆ ಕೂಲಿಯೂ ಏರುತ್ತದೆ, ಕಣ್ಣೂ ತೆರೆಯುತ್ತದೆ. ಒಡೆದ ಇಟ್ಟಿಗೆಯ ಒಳಗೆ ಕಪ್ಪು ಚುಕ್ಕೆಗಳು ಕಂಡಾಗ ‘ಯಾಕೆ ಸರ್ ಹಿಂಗೆ?’ ಎಂದು ಕೇಳುವ ಧೈರ್ಯ ಬರುವುದು ತಿಳಿವಳಿಕೆಯಿಂದ.

ನಮ್ಮ ಜಿಲ್ಲೆಯಲ್ಲಿ ಇಪ್ಪತ್ತು ವರ್ಷ ಅದಿರಿನ ಮಾತೇ ಮಾತು. ಎಷ್ಟು ಟನ್ ಹೋಯಿತು, ಯಾರು ಹೊಡೆದರು, ಯಾವ ಗಣಿ ಮುಚ್ಚಿತು, ಯಾವುದು ತೆರೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ದೇಶವೇ ಇತ್ತ ನೋಡಿತು. ಆದರೆ ಆ ಅದಿರನ್ನು ಕರಗಿಸುವ ಕುಲುಮೆಯ ಒಳಗೋಡೆ ಯಾವ ಕಲ್ಲಿನದು, ಅದರಲ್ಲಿ ಏನು ಬೆರೆತಿದೆ ಎಂದು ಕೇಳಿದವರು ಕಡಿಮೆ. ಅಗೆಯುವ ಕಡೆ ಇದ್ದ ಕಣ್ಣು ಕರಗಿಸುವ ಕಡೆಗೂ ಹೊರಳಬೇಕು.

ನಿಮ್ಮ ಮನೆಯವರು, ಓಣಿಯವರು ಯಾರಾದರೂ ಮುಂದಿನ ಶಟ್‌ಡೌನ್ ಕೆಲಸಕ್ಕೆ ಹೊರಟಿದ್ದರೆ ಬುತ್ತಿಯ ಜೊತೆ ಎರಡು ಪ್ರಶ್ನೆಯನ್ನೂ ಕಟ್ಟಿಕೊಡಿ. ಈ ಇಟ್ಟಿಗೆಯಲ್ಲಿ ಕಬ್ಬಿಣ ಎಷ್ಟು? ಈ ದೂಳಿನಲ್ಲಿ ಸಿಲಿಕಾ ಎಷ್ಟು? ಮೊದಲ ದಿನ ಮೇಸ್ತ್ರಿ ನಗಬಹುದು. ಹತ್ತು ಹುಡುಗರು ಹತ್ತು ಕಡೆ ಕೇಳಿದ ಮೇಲೆ ಯಾರೋ ಒಬ್ಬರು ಬೀರು ತೆರೆದು ಆ ಚೀಟಿ ಹುಡುಕಲೇಬೇಕಾಗುತ್ತದೆ.